ಅಂಕಿತವಿಲ್ಲದ ಹಾಡು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆ ಕಬ್ಬು, ಬೆಲ್ಲ, ಭತ್ತಗಳ ನಾಡೆಂಬುದು ಎಲ್ಲರಿಗೂ ಗೊತ್ತು. ಅದು ಹಾಡಿನ ನಾಡೂ ಹೌದೆಂಬುದನ್ನು ಹೊರಗಿನವರು ಅಷ್ಟಾಗಿ ಗಮನಿಸಿಲ್ಲ. ಕನ್ನಡದ ಬಹುದೊಡ್ಡ ಜನಪದ ಕಾವ್ಯಗಳಲ್ಲೊಂದಾದ ಮಂಟೇಸ್ವಾಮಿ ಕಥೆಯ ಒಂದು ದೊಡ್ಡ ಭಾಗ ನಡೆಯುವುದೇ ಈ ನೆಲದಲ್ಲಿ. ಸಿದ್ಧಪ್ಪಾಜಿ ಹುಟ್ಟಿದ್ದು ಮದ್ದೂರು ತಾಲೂಕಿನ ನಿಡಘಟ್ಟದಲ್ಲಿ. ಆತ ಕಬ್ಬಿಣದ ಭಿಕ್ಷೆಗೆ ಹೋದದ್ದು ಮಳವಳ್ಳಿ ತಾಲೂಕಿನ ಹಲಗೂರಿಗೆ. ಮಂಟೇಸ್ವಾಮಿಯ ಮಠ ಇರುವುದು ಅದೇ ತಾಲೂಕಿನ ಬೊಪ್ಪೇಗೌಡನಪುರದಲ್ಲಿ. ಈ ಕಥೆಯನ್ನು ತಂಬೂರಿ, ಡಕ್ಕೆ, ಗಗ್ಗರ, ತಾಳಗಳೊಂದಿಗೆ ರಾತ್ರಿಯಿಡೀ ಹಾಡುವವರು ನೀಲಗಾರರು. ಅವರಲ್ಲಿ ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಸಮುದಾಯಗಳಿಗೆ ಸೇರಿದವರು.

ಮಂಡ್ಯ ಪಟ್ಟಣದ ಸಮೀಪದ ಹೊಳಲಿನಂಥ ಊರುಗಳಲ್ಲಿ ಹಾಡು ಎಂದೂ ಬರೀ ಮನರಂಜನೆಯಾಗಿರಲಿಲ್ಲ. ಮದುವೆಗೆ ಸೋಬಾನೆ, ಹಬ್ಬಕ್ಕೆ ಪೂಜಾಕುಣಿತ, ತಿಥಿಗೆ ತಂಬೂರಿ ಪದ ಎಂದು ಬದುಕಿನ ಒಂದೊಂದು ಸಂದರ್ಭಕ್ಕೂ ಒಂದೊಂದು ಹಾಡಿತ್ತು, ಆ ಹಾಡಿಗೊಬ್ಬ ಹಾಡುವವನಿದ್ದ, ಅಥವಾ ಹಾಡುವವಳಿದ್ದಳು. ಈಗ ಅಂಥ ಊರಿನ ಹುಡುಗನ ಕೈಯಲ್ಲಿರುವ ಮೊಬೈಲೇ ಹಾಡು ಕಟ್ಟಿಕೊಡುತ್ತದೆ. ಸುನೋ, ಯೂಡಿಯೋ ಮುಂತಾದ ಹೆಸರಿನ ತಂತ್ರಾಂಶಗಳಿಗೆ ಎರಡು ಸಾಲು ಬರೆದು ಕೊಟ್ಟರೆ ಸಾಕು. ಪದ, ರಾಗ, ವಾದ್ಯ, ಕಂಠ ಎಲ್ಲವೂ ಒಂದೆರಡು ನಿಮಿಷದಲ್ಲಿ ಸಿದ್ಧವಾಗಿ ಬರುತ್ತವೆ. ಗ್ರಾಮದೇವತೆಯ ಮೇಲೊಂದು ಪದ, ಗೆಳೆಯನ ಹುಟ್ಟುಹಬ್ಬಕ್ಕೊಂದು ಹಾಡು, ಅಭ್ಯರ್ಥಿಯ ಮೇಲೊಂದು ಲಾವಣಿ, ಯಾವುದನ್ನು ಕೇಳಿದರೂ ಅದು ಇಲ್ಲವೆನ್ನುವುದಿಲ್ಲ. ಹೀಗಿರುವಾಗ ಮನುಷ್ಯ ಕಲಾವಿದನ ಪಾತ್ರವೇನು ಎಂಬ ಪ್ರಶ್ನೆಯನ್ನು ನಾವು ಗಂಭೀರವಾಗಿ ಎತ್ತಿಕೊಳ್ಳಬೇಕಾಗಿದೆ.

ಯಂತ್ರ ಹಾಡುವ ಬಗೆ

ಮೊದಲು ಯಂತ್ರಕ್ಕೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಹಾಡಿನ ರೆಕಾರ್ಡಿಂಗ್ ಇಂದಿಗೂ ಬಡವರ ಕೈಗೆಟುಕುವ ಕೆಲಸವಲ್ಲ. ಸ್ಟುಡಿಯೋ ಬಾಡಿಗೆ, ವಾದ್ಯಗಾರರ ಸಂಭಾವನೆ, ಊರಿಂದ ಬೆಂಗಳೂರಿಗೆ ಓಡಾಟ, ಇವೆಲ್ಲ ಸೇರಿ ಎಷ್ಟೋ ಪ್ರತಿಭೆಗಳು ಊರಲ್ಲೇ ಉಳಿದುಹೋಗಿವೆ. ಅಂಥವರಿಗೆ ಕೃತಕ ಬುದ್ಧಿಮತ್ತೆ ಅಥವಾ ಎಐ ಒಂದು ಬಾಗಿಲು ತೆರೆದಿರುವುದು ನಿಜ. ಕನ್ನಡದಲ್ಲೇ 2025ರಲ್ಲಿ 'ಲವ್ ಯು' ಎಂಬ ಚಿತ್ರವೊಂದು ಸುದ್ದಿಯಾಯಿತು. ದೃಶ್ಯ, ಧ್ವನಿ, ಸಂಗೀತಗಳನ್ನೆಲ್ಲ ಎಐಯಿಂದಲೇ ಮಾಡಲಾಗಿದೆ ಎಂದು ಅದರ ತಯಾರಕರು ಹೇಳಿಕೊಂಡರು. ಸುಮಾರು 10 ಲಕ್ಷ ರೂಪಾಯಿಯಲ್ಲಿ, ಹನ್ನೆರಡು ಹಾಡುಗಳುಳ್ಳ 95 ನಿಮಿಷಗಳ ಚಿತ್ರ ತಯಾರಾಯಿತೆಂದು ಪತ್ರಿಕೆಗಳು ಬರೆದವು. ಕಡಿಮೆ ಖರ್ಚಿನಲ್ಲಿ ಸಿನಿಮಾ ಮಾಡಬೇಕೆಂಬ ಆಸೆಯನ್ನು ತಪ್ಪೆನ್ನಲಾಗದು. ಆದರೆ ಆ ಹನ್ನೆರಡು ಹಾಡುಗಳಿಗಾಗಿ ಒಬ್ಬ ತಬಲಾ ವಾದಕನೂ ಒಬ್ಬ ಕೊಳಲು ವಾದಕನೂ ಮನೆಯಿಂದ ಹೊರಡಬೇಕಾಗಲಿಲ್ಲವೆಂದರೆ ಉಳಿತಾಯವಾದದ್ದು ಯಾರ ಅನ್ನ ಎಂಬ ಪ್ರಶ್ನೆಯೂ ಜೊತೆಗೇ ಏಳುತ್ತದೆ.

ಯಂತ್ರ ಹಾಡುವ ಬಗೆಯನ್ನೂ ತಿಳಿದುಕೊಳ್ಳಬೇಕು. ಅದಕ್ಕೆ ಹಾಡಿನ ಅರ್ಥ ತಿಳಿಯದು. ಅದಕ್ಕೆ ಅಪಾರ ಸಂಖ್ಯೆಯ ಧ್ವನಿಮುದ್ರಿಕೆಗಳನ್ನು ಉಣಿಸಲಾಗಿರುತ್ತದೆ. ಯಾವ ಸ್ವರದ ನಂತರ ಯಾವ ಸ್ವರ, ಯಾವ ಮಾತಿನ ನಂತರ ಯಾವ ಏರಿಳಿತ ಬರುವುದು ಹೆಚ್ಚು ರೂಢಿ ಎಂಬ ಲೆಕ್ಕ ಅದರೊಳಗಿರುತ್ತದೆ. ಕೇಳಿದಾಗ ಆ ಲೆಕ್ಕದಂತೆ ಒಂದರ ಮುಂದೊಂದು ಧ್ವನಿಯನ್ನಿಟ್ಟು ಹಾಡು ಹೊರಡಿಸುತ್ತದೆ. ಆದುದರಿಂದ ಅದು ಹಾಡುವ ಪ್ರತಿಯೊಂದು ಹಾಡಿನ ಹಿಂದೆಯೂ ಯಾವ ಯಾವುದೋ ಮನುಷ್ಯರು ಎಂದೋ ಹಾಡಿದ ಹಾಡುಗಳಿವೆ. ಯಂತ್ರದ ಬಂಡವಾಳವೆಲ್ಲ ನಮ್ಮದೇ ಕಂಠಗಳಿಂದ ಹೋದದ್ದು.

ಓದುಗರು ಬೇಕಾದರೆ ತಾವೇ ಪರೀಕ್ಷಿಸಿ ನೋಡಬಹುದು. 'ಮಂಡ್ಯ ಸೀಮೆಯ ತಂಬೂರಿ ಪದದ ಧಾಟಿಯಲ್ಲಿ ಒಂದು ಹಾಡು' ಎಂದು ಯಂತ್ರಕ್ಕೆ ಬರೆದು ಕೊಡಿ. ಬರುವ ಹಾಡು ಸೊಗಸಾಗಿಯೇ ಇರಬಹುದು. ಆದರೆ ಅದರಲ್ಲಿ ಸಿನಿಮಾ ಹಾಡಿನ ಚರಣ ಪಲ್ಲವಿಯ ಅಚ್ಚುಕಟ್ಟು ಇದೆಯೋ ನೀಲಗಾರನ ನಡೆ ಇದೆಯೋ ಎಂಬುದನ್ನು ಕಿವಿಗೊಟ್ಟು ಕೇಳಿ. ನೀಲಗಾರರ ಹಾಡುಗಾರಿಕೆಯಲ್ಲಿ ಪದ್ಯ ಮತ್ತು ಮಾತು ಬೆರೆತಿರುತ್ತವೆ. ಮುಖ್ಯ ಗಾಯಕ ಕಥೆಯನ್ನು ಮುಂದಕ್ಕೊಯ್ಯುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಆತ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಸೊಲ್ಲು ಬಂದು ಆ ಖಾಲಿಯನ್ನು ತುಂಬುತ್ತದೆ. ಹಾಡಿನ ರೂಪ ಹುಟ್ಟಿದ್ದೇ ಮನುಷ್ಯನ ಉಸಿರಿನ ಮಿತಿಯಿಂದ. ಉಸಿರೇ ಇಲ್ಲದ ಯಂತ್ರ ಆ ನಿಲುಗಡೆಯನ್ನು ಅನುಕರಿಸಬಹುದು, ಆದರೆ ಅದಕ್ಕೆ ಅದರ ಅಗತ್ಯವಿಲ್ಲ.

ಇಷ್ಟಕ್ಕೇ ವಾದವನ್ನು ನಿಲ್ಲಿಸಿದರೆ ನಾವು ನಮ್ಮನ್ನೇ ಮೋಸಗೊಳಿಸಿಕೊಂಡಂತೆ. ಇಂದು ಬಾರದ್ದು ಯಂತ್ರಕ್ಕೆ ನಾಳೆ ಬರುತ್ತದೆ. ಫ್ರಾನ್ಸಿನ ಸಂಗೀತ ಸೇವೆ ಡೀಜರ್ 2025ರಲ್ಲಿ ಎಂಟು ದೇಶಗಳ 9,000 ಜನರಿಗೆ ಹಾಡುಗಳನ್ನು ಕೇಳಿಸಿ ಸಮೀಕ್ಷೆ ನಡೆಸಿತು. ಯಾವುದು ಮನುಷ್ಯರ ಹಾಡು, ಯಾವುದು ಯಂತ್ರದ್ದು ಎಂದು ಶೇಕಡಾ 97 ಮಂದಿಗೆ ಗುರುತಿಸಲಾಗಲಿಲ್ಲ. ಪೂರ್ತಿಯಾಗಿ ಯಂತ್ರವೇ ತಯಾರಿಸಿದ ಸುಮಾರು 50,000 ಹಾಡುಗಳು ದಿನಂಪ್ರತಿ ತನಗೆ ಬಂದು ಬೀಳುತ್ತಿವೆಯೆಂದೂ ಅದು ಹೇಳಿತು. ಅದೇ ವರ್ಷ 'ವೆಲ್ವೆಟ್ ಸನ್‌ಡೌನ್' ಎಂಬ ತಂಡದ ಹಾಡುಗಳನ್ನು ಸ್ಪಾಟಿಫೈಯಲ್ಲಿ ಲಕ್ಷಾಂತರ ಜನ ಮೆಚ್ಚಿ ಕೇಳಿದರು. ಅಂಥ ತಂಡವೇ ಇಲ್ಲ, ಎಲ್ಲವೂ ಎಐ ಸೃಷ್ಟಿ ಎಂದು ಆಮೇಲೆ ತಿಳಿಯಿತು. ಆದುದರಿಂದ 'ಯಂತ್ರಕ್ಕೆ ಭಾವನೆ ಬಾರದು, ನಮ್ಮ ಕಿವಿ ಮೋಸ ಹೋಗದು' ಎಂಬ ಸಮಾಧಾನ ಹೆಚ್ಚು ದಿನ ಬಾಳದು. ಮನುಷ್ಯ ಕಲಾವಿದನ ಪರವಾಗಿ ಮಾತಾಡಲು ಇದಕ್ಕಿಂತ ಗಟ್ಟಿಯಾದ ನೆಲೆ ಬೇಕು.

ಅಂಕಿತವೆಂದರೆ ಹೊಣೆ

ಆ ನೆಲೆ ನಮ್ಮ ಪರಂಪರೆಯಲ್ಲೇ ಇದೆ. ಅದನ್ನು ನಾವು ಅಂಕಿತವೆನ್ನುತ್ತೇವೆ. ವಚನಕಾರರಿಗೆ ಅಂಕಿತವಿತ್ತು, ದಾಸರಿಗಿತ್ತು, ತತ್ವಪದಕಾರರಿಗಿತ್ತು. ಶಿಶುನಾಳ ಶರೀಫರು ತಮ್ಮ ಪದಗಳಲ್ಲಿ ಶಿಶುನಾಳಧೀಶನೆಂಬ ಅಂಕಿತವನ್ನಿಟ್ಟರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಂಕಿತದಲ್ಲಿರುವುದು ಹೆಚ್ಚಾಗಿ ಕವಿಯ ಹೆಸರಲ್ಲ, ಆತ ನಂಬಿದವನ ಹೆಸರು. 'ಇದು ನನ್ನದು' ಎಂಬ ಹಕ್ಕುಸಾಧನೆಗಿಂತ 'ಇದಕ್ಕೆ ನಾನು ಇವನೆದುರು ಉತ್ತರ ಹೇಳಬೇಕಾದವನು' ಎಂಬ ಒಪ್ಪಿಗೆ ಅದರಲ್ಲಿದೆ. ಮುಸ್ಲಿಮ್ ಮನೆತನದಲ್ಲಿ ಹುಟ್ಟಿ ಗೋವಿಂದಭಟ್ಟರ ಶಿಷ್ಯರಾದ ಶರೀಫರು ಎರಡೂ ಕಡೆಯ ಸಂಪ್ರದಾಯಸ್ಥರ ಆಕ್ಷೇಪವನ್ನು ಎದುರಿಸಿಕೊಂಡೇ ಹಾಡಿದರು. ಆ ಪದಗಳಿಗಿರುವ ತೂಕದಲ್ಲಿ ಆ ಬದುಕಿನ ಪಾಲೂ ಇದೆ. ಅದೇ ಮಾತನ್ನು ಯಾವ ಅಪಾಯವೂ ಇಲ್ಲದ ಯಂತ್ರವೊಂದು ಹೆಣೆದು ಕೊಟ್ಟರೆ ಮಾತು ಒಂದೇ ಆಗಿರಬಹುದು, ಅದರ ಬೆಲೆ ಒಂದೇ ಆಗಲಾರದು.

ಜನಪದ ಹಾಡಿಗೆ ಕರ್ತೃವೇ ಇಲ್ಲ, ಅಲ್ಲಿ ಅಂಕಿತದ ಮಾತೆಲ್ಲಿ ಎಂದು ಕೆಲವರು ಕೇಳಬಹುದು. ಹಾಡು ಕಟ್ಟಿದವನ ಹೆಸರು ಅಲ್ಲಿ ಮರೆತುಹೋಗಿರುವುದು ನಿಜ. ಆದರೆ ಹಾಡುವವನು ಎಂದೂ ಹೆಸರಿಲ್ಲದವನಾಗಿರಲಿಲ್ಲ. ನೀಲಗಾರನಾಗಲು ದೀಕ್ಷೆ ಪಡೆಯಬೇಕು, ಗುರುವಿನ ಹಿಂದೆ ತಿರುಗಿ ಕಲಿಯಬೇಕು. ಆತ ಯಾವ ಊರಿನವನು, ಯಾರ ಶಿಷ್ಯ ಎಂಬುದು ಕೇಳುವ ಊರಿಗೆ ಗೊತ್ತಿರುತ್ತದೆ. ತಿಥಿ ಮನೆಯಲ್ಲಿ ಹಾಡಲು ಕುಳಿತವನ ಎದುರಿಗೆ ಮಗನನ್ನೋ ಗಂಡನನ್ನೋ ಕಳೆದುಕೊಂಡವರು ಕುಳಿತಿರುತ್ತಾರೆ. ಕಥೆಯ ಯಾವ ಭಾಗವನ್ನು ಎತ್ತಿಕೊಳ್ಳಬೇಕು, ಎಲ್ಲಿ ಎಳೆದು ಹಾಡಬೇಕು, ಎಲ್ಲಿ ನಗಿಸಿ ಮನಸ್ಸು ಹಗುರ ಮಾಡಬೇಕು ಎಂಬುದನ್ನು ಆ ಮುಖಗಳನ್ನು ನೋಡಿಯೇ ತೀರ್ಮಾನಿಸುತ್ತಾನೆ. ಕಥೆ ತಪ್ಪಿದರೆ ಮೂಲೆಯಲ್ಲಿ ಕುಳಿತ ಮುದುಕಿಯೊಬ್ಬಳು ತಿದ್ದಬಹುದು. ಹಾಡು ಹಿತವಾಗದಿದ್ದರೆ ಮುಂದಿನ ಸಲ ಆ ಮನೆಗೆ ಕರೆ ಬಾರದಿರಬಹುದು. ಹಾಡಿದ್ದಕ್ಕೆ ಹೊಣೆಯಾಗಿ ಎದುರಿಗೆ ಕುಳಿತಿರುವುದೇ ಆತನ ಕಲೆಯ ಅರ್ಧಭಾಗ. ಈ ಅರ್ಧವನ್ನು ಎಷ್ಟೇ ದೊಡ್ಡ ಕಂಪ್ಯೂಟರ್ ಆದರೂ ಮಾಡಲಾಗದು. ಏಕೆಂದರೆ ಅದು ಹೊಣೆ, ಕೌಶಲವಲ್ಲ.

ಯಂತ್ರಕ್ಕೂ ಹೆಸರಿಗೂ ವೈರವಿರಬೇಕೆಂದೇನೂ ಇಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೋಫೋನ್ ಕಂಪೆನಿಯವರು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ತಟ್ಟೆಗಳು ಅಚ್ಚಾಗಬೇಕಾಗಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಆಕೆ ಹಾಡು ಮುಗಿದೊಡನೆ ತನ್ನ ಹೆಸರು ಗೌಹರ್ ಜಾನ್ ಎಂದು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಈ ದೇಶಕ್ಕೆ ಬಂದ ಆ ಹಾಡುವ ಯಂತ್ರದೊಳಗೆ ಕಲಾವಿದೆಯ ಹೆಸರೂ ಅವಳ ಕಂಠದಲ್ಲೇ ಸೇರಿಕೊಂಡಿತು. ಅದೂ ಹೊಸ ಬಗೆಯ ಅಂಕಿತವೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾಗಿ 1928ರಲ್ಲಿ ಮೈಸೂರಿಗೆ ಬಂದ ಆ ಮಹಾ ಗಾಯಕಿ 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಇಂದಿಗೂ ಆ ಹಳೆಯ ತಟ್ಟೆಗಳನ್ನು ಹಾಕಿದರೆ ಹಾಡಿನ ಕೊನೆಗೆ ಆಕೆಯ ಹೆಸರು ಕೇಳಿಸುತ್ತದೆ.

ಕ್ಯಾಸೆಟ್ಟು ಕಲಿಸಿದ ಪಾಠ

ಗ್ರಾಮೋಫೋನಿನ ನಂತರ ರೇಡಿಯೋ, ಆಮೇಲೆ ಕ್ಯಾಸೆಟ್ಟು ಬಂತು. ಕನ್ನಡದ ಮಟ್ಟಿಗೆ ಕ್ಯಾಸೆಟ್ಟು ದೊಡ್ಡ ಉಪಕಾರವನ್ನೇ ಮಾಡಿತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಬಂದು ಭಾವಗೀತೆ ಮನೆಮನೆಗೆ ಮುಟ್ಟಿತು. ಕವಿ ಯಾರು, ರಾಗ ಯಾರದು, ಹಾಡಿದವರು ಯಾರು ಎಂಬುದು ಕೇಳುಗರಿಗೆ ಬಾಯಿಪಾಠವಾಗಿತ್ತು. ಮಳವಳ್ಳಿ ಮಹದೇವಸ್ವಾಮಿಯವರ ಕಂಠದಲ್ಲಿ ಮಂಟೇಸ್ವಾಮಿ, ಸಿದ್ಧಪ್ಪಾಜಿ, ಮಾದೇಶ್ವರರ ಕಥೆಗಳು ಕ್ಯಾಸೆಟ್ಟಾಗಿ ಬಸ್‌ಸ್ಟ್ಯಾಂಡು, ಚಹಾದಂಗಡಿಗಳಿಗೆ ತಲುಪಿದವು. ಒಂದು ತಾಲೂಕಿನ ಹೆಸರು ಒಬ್ಬ ಗಾಯಕನ ಹೆಸರಿನೊಂದಿಗೆ ಸೇರಿ ನಾಡಿಗೆಲ್ಲ ಪರಿಚಯವಾಯಿತು. ಯಂತ್ರ ಬಂದುದರಿಂದ ಇಲ್ಲಿ ಹಾಡುಗಾರನ ಹೆಸರು ಅಳಿಯಲಿಲ್ಲ, ಬೆಳೆಯಿತು.

ಆದರೆ ಪಾಠದ ಇನ್ನೊಂದು ಮಗ್ಗುಲೂ ಇದೆ. ಒಂದೇ ಸಲ ಒಂದಿಷ್ಟು ಹಣ ಕೊಟ್ಟು ಹಾಡಿಸಿಕೊಂಡು ಹೋದವರು ಆಮೇಲೆ ಎಷ್ಟು ಕ್ಯಾಸೆಟ್ಟು ಮಾರಿದರು ಎಂಬ ಲೆಕ್ಕ ಹಾಡಿದವನಿಗೆ ಸಿಗಲಿಲ್ಲವೆಂಬ ನೋವನ್ನು ಜನಪದ ಕಲಾವಿದರು ಬಹುಕಾಲದಿಂದ ತೋಡಿಕೊಳ್ಳುತ್ತಲೇ ಬಂದಿದ್ದಾರೆ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಅದೂ ಹೋಗಿ ಯೂಟ್ಯೂಬ್ ಬಂತು, ಹಾಡು ಮಾತ್ರ ಒಂದರಿಂದ ಇನ್ನೊಂದಕ್ಕೆ ಹರಿಯುತ್ತಲೇ ಇದೆ. ಜಾನಪದದ ಮೇಲೆ ಸಿನಿಮಾದ ಕಣ್ಣೂ ಬಿದ್ದಿತು. 1996ರ 'ಜನುಮದ ಜೋಡಿ' ಚಿತ್ರದಲ್ಲಿ ಎಲ್.ಎನ್. ಶಾಸ್ತ್ರಿಯವರ ಕಂಠದಲ್ಲಿ 'ಕೋಲುಮಂಡೆ' ಪದ ನಾಡಿನ ಮನಗೆದ್ದಿತು. ಅದರಿಂದ ಪದಕ್ಕೆ ಕೀರ್ತಿ ಬಂತು, ಗಾಯಕನಿಗೂ ಬಂತು. ಅದನ್ನು ತಲೆಮಾರುಗಳ ಕಾಲ ಬಾಯಲ್ಲಿ ಕಾಪಾಡಿಕೊಂಡು ಬಂದವರಿಗೆ ಏನು ಬಂತು ಎಂಬ ಪ್ರಶ್ನೆಗೆ ನಾವಿನ್ನೂ ಉತ್ತರ ಕೊಟ್ಟಿಲ್ಲ. ಎಐ ಬರುವ ಮೊದಲೇ ಈ ಸಾಲ ನಮ್ಮ ಮೇಲಿತ್ತು. ಈಗ ಅದು ಬಡ್ಡಿ ಸಮೇತ ಬೆಳೆಯುತ್ತಿದೆ.

ಕಂಠ ಯಾರದು?

ಕ್ಯಾಸೆಟ್ಟು ಹಾಡನ್ನಷ್ಟೇ ಒಯ್ಯುತ್ತಿತ್ತು. ಹೊಸ ಯಂತ್ರ ಕಂಠವನ್ನೇ ಒಯ್ಯುತ್ತದೆ. 2024ರಲ್ಲಿ ತೆರೆಕಂಡ ತಮಿಳಿನ 'ಲಾಲ್ ಸಲಾಂ' ಚಿತ್ರದ ಒಂದು ಹಾಡಿಗೆ ಎ.ಆರ್. ರೆಹಮಾನ್ ಅವರು ತೀರಿಹೋದ ಇಬ್ಬರು ಗಾಯಕರಾದ ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಅವರ ಕಂಠವನ್ನು ಎಐ ಮೂಲಕ ಮತ್ತೆ ಹಾಡಿಸಿದರು. ಕುಟುಂಬಗಳ ಅನುಮತಿ ಪಡೆದು ಸೂಕ್ತ ಸಂಭಾವನೆ ನೀಡಿದ್ದಾಗಿ ಅವರು ತಿಳಿಸಿದರು. ಕೇಳಿ ಪಡೆದ ಆ ಸೌಜನ್ಯ ಮೆಚ್ಚತಕ್ಕದ್ದೇ. ಆದರೂ ಒಂದು ಸಂಶಯ ಉಳಿಯುತ್ತದೆ. ಬದುಕಿದ್ದ ಗಾಯಕನಿಗೆ ಹಾಡೊಂದು ಒಪ್ಪಿಗೆಯಾಗದಿದ್ದರೆ 'ಒಲ್ಲೆ' ಎನ್ನುವ ಸ್ವಾತಂತ್ರ್ಯವಿತ್ತು. ಸತ್ತವನ ಕಂಠಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದು ಹೇಳಿಕೊಟ್ಟದ್ದನ್ನೆಲ್ಲ ಹಾಡುತ್ತದೆ. ಕುಟುಂಬದವರು ಸಂಭಾವನೆಗೆ ವಾರಸುದಾರರಾಗಬಲ್ಲರು, ಆದರೆ ಅವನ ವಿವೇಚನೆಗೆ ಯಾರು ವಾರಸುದಾರರು?

ಕೇಳದೆಯೇ ತೆಗೆದುಕೊಂಡರೆಂಬ ದೂರುಗಳೂ ಬಂದಿವೆ. ಕನ್ನಡಿಗರು ಮನೆಮಗನಂತೆ ಪ್ರೀತಿಸಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ 2020ರಲ್ಲಿ ತೀರಿಕೊಂಡರು. ತೆಲುಗಿನ 'ಕೀಡಾ ಕೋಲಾ' ಚಿತ್ರದಲ್ಲಿ ಅವರ ಕಂಠವನ್ನು ಅನುಮತಿಯಿಲ್ಲದೆ ಎಐ ಮೂಲಕ ಬಳಸಲಾಗಿದೆಯೆಂದು ಆಪಾದಿಸಿ ಅವರ ಕುಟುಂಬ 2024ರಲ್ಲಿ ಚಿತ್ರತಂಡಕ್ಕೆ ನೋಟಿಸು ಕಳುಹಿಸಿತು. ಅದೇ ವರ್ಷ ಗಾಯಕ ಅರಿಜಿತ್ ಸಿಂಗ್ ಅವರು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿ, ತಮ್ಮ ಹೆಸರು ಮತ್ತು ಕಂಠವನ್ನು ತಮ್ಮ ಒಪ್ಪಿಗೆಯಿಲ್ಲದೆ ಎಐ ಸಾಧನಗಳಲ್ಲಿ ಬಳಸದಂತೆ ಮಧ್ಯಂತರ ರಕ್ಷಣೆ ಪಡೆದರು. ಒಬ್ಬ ಮನುಷ್ಯನ ಕಂಠ ಅವನ ವ್ಯಕ್ತಿತ್ವದ ಭಾಗವೆಂಬುದನ್ನು ನ್ಯಾಯಾಲಯ ಒಪ್ಪಿಕೊಂಡದ್ದು ಒಳ್ಳೆಯ ಬೆಳವಣಿಗೆ. ಆದರೆ ಬಾಂಬೆ ಹೈಕೋರ್ಟಿನ ಮೆಟ್ಟಿಲು ಬೊಪ್ಪೇಗೌಡನಪುರದ ನೀಲಗಾರನಿಗೆ ಎಷ್ಟು ದೂರ!

ಕಾನೂನು ಅವನನ್ನು ಪೂರ್ತಿ ಮರೆತಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನಕಾರ ಎಂಬ ಮಾತಿಗೆ ಕೊಟ್ಟ ಅರ್ಥವಿವರಣೆ ಬಹಳ ವಿಶಾಲವಾಗಿದೆ. ಗಾಯಕ, ವಾದಕ, ನರ್ತಕರ ಜೊತೆಗೆ ದೊಂಬರಾಟದವರೂ ಹಾವಾಡಿಗರೂ ಅದರಲ್ಲಿ ಸೇರಿದ್ದಾರೆ. 2012ರ ತಿದ್ದುಪಡಿ ಪ್ರದರ್ಶನಕಾರರ ಹಕ್ಕುಗಳನ್ನು ಇನ್ನಷ್ಟು ಬಲಪಡಿಸಿತು. ಹಾಗಾಗಿ ತಂಬೂರಿ ಹಿಡಿದವನೂ ಕಾನೂನಿನ ಕಣ್ಣಿಗೆ ಹಕ್ಕುಳ್ಳವನೇ. ಆದರೆ ಪದ ಪರಂಪರೆಯದ್ದಾದ್ದರಿಂದ 'ಇದು ಯಾರದ್ದೂ ಅಲ್ಲ' ಎಂಬ ನೆಪದಲ್ಲಿ ಆತನ ಹಾಡುಗಾರಿಕೆಯನ್ನೂ ಯಾರದ್ದೂ ಅಲ್ಲವೆಂದು ಬಾಚಿಕೊಳ್ಳುವ ಅಪಾಯವಿದೆ. 2024ರಲ್ಲಿ ಅಮೆರಿಕದ ದೊಡ್ಡ ಸಂಗೀತ ಕಂಪೆನಿಗಳು ಸುನೋ ಮತ್ತು ಯೂಡಿಯೋಗಳ ಮೇಲೆ ದಾವೆ ಹೂಡಿದವು. 2025ರ ಕೊನೆಯಲ್ಲಿ ಅವುಗಳಲ್ಲಿ ಕೆಲವು ಆ ಸಂಸ್ಥೆಗಳೊಂದಿಗೇ ರಾಜಿ ಮಾಡಿಕೊಂಡು ಒಪ್ಪಂದಕ್ಕೆ ಬಂದವು. ದೊಡ್ಡವರು ದೊಡ್ಡವರೊಂದಿಗೆ ಕುಳಿತು ಪಾಲು ಮಾಡಿಕೊಳ್ಳುತ್ತಾರೆ. ಆ ಪಂಕ್ತಿಯಲ್ಲಿ ಮಳವಳ್ಳಿಯವನಿಗೆ ಎಲೆ ಹಾಕಿಲ್ಲ. ಎಐ ಕಂಪೆನಿಗಳು ಕೃತಿಗಳನ್ನು ಬಳಸಿಕೊಂಡದ್ದಕ್ಕೆ ಕಡ್ಡಾಯವಾಗಿ ರಾಯಧನ ಕೊಡಬೇಕೆಂಬ ಸಲಹೆಯನ್ನು ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯೊಂದು 2025ರ ಡಿಸೆಂಬರಿನಲ್ಲಿ ಮುಂದಿಟ್ಟಿತು. ಅಂಥ ವ್ಯವಸ್ಥೆ ಬರುವುದಾದರೆ ಯಾವ ಸಂಘದಲ್ಲೂ ಹೆಸರು ನೋಂದಾಯಿಸದ ಸೋಬಾನೆಯ ಹೆಂಗಸರ ಪಾಲನ್ನು ಯಾರ ಕೈಗೆ ಕೊಡುವುದೆಂಬುದನ್ನು ಈಗಲೇ ಕೇಳಬೇಕು.

ಹಲಗೂರಿನ ಕಬ್ಬಿಣ

ಮಂಟೇಸ್ವಾಮಿ ಕಥೆಯಲ್ಲೇ ಇದಕ್ಕೊಂದು ಬೆಳಕಿದೆ. ಮಠದ ಕೆಲಸಕ್ಕೆ ಕಬ್ಬಿಣ ಬೇಕಾಗುತ್ತದೆ. ಕಬ್ಬಿಣವಿರುವುದು ಹಲಗೂರಿನ ಪಾಂಚಾಳರಲ್ಲಿ. ಆ ಕಾಲದ ತಂತ್ರಜ್ಞಾನವೆಲ್ಲ ಅವರ ಕುಲುಮೆಯಲ್ಲಿ. ಗುರು ಅಲ್ಲಿಗೆ ಭಿಕ್ಷೆಗೆ ಕಳುಹಿಸುವುದು ಸಿದ್ಧಪ್ಪಾಜಿಯನ್ನು, ಅಂದರೆ ಕಬ್ಬಿಣದ ಕೆಲಸದವರ ಕುಲದಲ್ಲೇ ಹುಟ್ಟಿದ ಕೆಂಪಾಚಾರಿಯನ್ನು. ಪಾಂಚಾಳರು ಕೊಡುವುದಿಲ್ಲ. ಅವಮಾನಿಸುತ್ತಾರೆ, ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ, ಕೊನೆಗೆ ಮಣಿಯುತ್ತಾರೆ. ಆ ಕಥೆಯನ್ನು ಹಾಡಿದ ಬಡಜನ ಕಬ್ಬಿಣವನ್ನು ಬೈಯಲಿಲ್ಲ, ಕಬ್ಬಿಣ ಬೇಡವೆಂದೂ ಹೇಳಲಿಲ್ಲ. ಕಬ್ಬಿಣ ಕೆಲವರ ಕೈಯಲ್ಲೇ ಉಳಿದು ಅದು ಅಹಂಕಾರವಾಗುವುದನ್ನು ಪ್ರಶ್ನಿಸಿದರು. ಇಂದು ಎಐ ಎಂಬ ಕಬ್ಬಿಣ ಇರುವುದು ಬೆರಳೆಣಿಕೆಯ ಕಂಪೆನಿಗಳ ಕುಲುಮೆಯಲ್ಲಿ. ವಿಚಿತ್ರವೆಂದರೆ ಅದರ ಅದಿರು ಹೋದದ್ದು ನಮ್ಮ ಹಟ್ಟಿ ಕೇರಿಗಳಿಂದಲೂ ಹೌದು. ನಮ್ಮದೇ ಹಾಡನ್ನು ತಿಂಗಳ ಬಾಡಿಗೆ ತೆತ್ತು ನಾವೇ ಬೇಡಿ ತರುವ ಸ್ಥಿತಿ ಬರಬಾರದು.

ಈ ಕಬ್ಬಿಣದಿಂದ ಒಳ್ಳೆಯ ಕೆಲಸವನ್ನೂ ಮಾಡಬಹುದು. 2023ರಲ್ಲಿ ಬಂದ ಬೀಟಲ್ಸ್ ತಂಡದ 'ನೌ ಅಂಡ್ ದೆನ್' ಹಾಡಿಗಾಗಿ ಜಾನ್ ಲೆನನ್ ಅವರ ಹಳೆಯ ಕ್ಯಾಸೆಟ್ಟೊಂದರಲ್ಲಿ ಪಿಯಾನೋ ಸದ್ದಿನೊಂದಿಗೆ ಬೆರೆತಿದ್ದ ಕಂಠವನ್ನು ಯಂತ್ರ ಬೇರ್ಪಡಿಸಿ ಶುಚಿಗೊಳಿಸಿತು. ಅಲ್ಲಿ ಯಂತ್ರ ಕಂಠವನ್ನು ಸೃಷ್ಟಿಸಲಿಲ್ಲ, ಇದ್ದ ಕಂಠದ ಮೇಲಿನ ಧೂಳು ಒರೆಸಿತು. ನಮ್ಮಲ್ಲಿಯೂ ಸೋಬಾನೆ, ತಂಬೂರಿ ಪದ, ಮೊಹರಮ್ಮಿನ ರಿವಾಯತು ಇತ್ಯಾದಿ ಹಾಡುಗಳನ್ನು ತುಂಬಿಕೊಂಡ ಹಳೆಯ ಟೇಪುಗಳು ಸಂಸ್ಥೆಗಳಲ್ಲೂ ಮನೆಗಳಲ್ಲೂ ಸವೆಯುತ್ತಿವೆ. ಅವುಗಳ ಧೂಳು ಒರೆಸಿ, ಹಾಡಿದವರ ಹೆಸರು ಊರುಗಳನ್ನು ಸೇರಿಸಿ ಉಳಿಸಲು ಈ ವಿದ್ಯೆಯನ್ನು ಬಳಸಿದರೆ ಅದಕ್ಕಿಂತ ಒಳ್ಳೆಯ ಬಳಕೆ ಬೇರೊಂದಿಲ್ಲ.

ಹೆಸರು ಸೇರಿಸುವ ಈ ಮರ್ಯಾದೆಯನ್ನು ನಮಗೆ ಹಿರಿಯರು ಕಲಿಸಿಕೊಟ್ಟಿದ್ದಾರೆ. ನಾಗಮಂಗಲ ತಾಲೂಕಿನಲ್ಲಿ ಹುಟ್ಟಿ, ರಾಮನಗರದ ಬಳಿ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ತಾವು ಸಂಗ್ರಹಿಸಿದ ಹಾಡುಗಳ ಒಂದು ಪುಸ್ತಕಕ್ಕೆ ಇಟ್ಟ ಹೆಸರು 'ಸೋಬಾನೆ ಚಿಕ್ಕಮ್ಮನ ಪದಗಳು'. ಸಂಗ್ರಾಹಕ ದೊಡ್ಡ ಅಧಿಕಾರಿಯಾಗಿದ್ದವರು, ಹಾಡಿದಾಕೆ ಹಳ್ಳಿಯ ಹೆಂಗಸು. ಆದರೂ ಪುಸ್ತಕದ ಶೀರ್ಷಿಕೆಯಲ್ಲಿ ಕುಳಿತದ್ದು ಚಿಕ್ಕಮ್ಮ. ಜನಪದ ಹಾಡುಗಳಿಗಾಗಿ ಊರೂರು ತಿರುಗಿ, 'ಜಾನಪದ ಜಂಗಮ'ರೆಂದೇ ಹೆಸರಾಗಿ, 2006ರಲ್ಲಿ ನಮ್ಮನ್ನಗಲಿದ ಎಸ್.ಕೆ. ಕರೀಂಖಾನರೂ ಹಾಡಿದವರ ಎದುರು ಕುಳಿತು ಅವರಿಂದ ಕೇಳಿ ಕಲಿತವರು. ಕೋಟ್ಯಂತರ ಹಾಡು ನುಂಗಿದ ಯಂತ್ರಕ್ಕೆ ಯಾರ ಎದುರೂ ಕುಳಿತ ನೆನಪಿಲ್ಲ, ಯಾರ ಹೆಸರೂ ನೆನಪಿಲ್ಲ. ಇದು ಯಂತ್ರದ ತಪ್ಪಲ್ಲ. ಅದನ್ನು ಹಾಗೆ ಕಟ್ಟಿದವರ ಆಯ್ಕೆ, ಮತ್ತು ಅದನ್ನು ಒಪ್ಪಿಕೊಳ್ಳುವ ನಮ್ಮ ಉದಾಸೀನ.

ಆದುದರಿಂದ ನಮ್ಮ ಬೇಡಿಕೆ ಸರಳವಾಗಿದೆ. ಯಂತ್ರ ಮಾಡಿದ ಹಾಡಿಗೆ ಇದು ಯಂತ್ರದ್ದೆಂಬ ಗುರುತಿರಲಿ. ಯಾರ ಹಾಡುಗಳಿಂದ ಅದು ಕಲಿಯಿತೋ ಅವರನ್ನು ಮೊದಲು ಕೇಳಲಿ, ಅವರ ಪಾಲನ್ನು ಕೊಡಲಿ. ಜಾನಪದ ಅಕಾಡೆಮಿ, ವಿಶ್ವವಿದ್ಯಾಲಯಗಳು ತಮ್ಮಲ್ಲಿರುವ ಮುದ್ರಿಕೆಗಳನ್ನು ಕಂಪೆನಿಗಳಿಗೆ ಒಪ್ಪಿಸುವ ಮುನ್ನ ಹಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆಯಲಿ. ಊರಹಬ್ಬದ ಕಮಿಟಿಯವರು ಯಂತ್ರದ ಹಾಡನ್ನು ಮೈಕಿಗೆ ಹಾಕುವ ಮುನ್ನ ತಮ್ಮೂರಿನ ಹಾಡುಗಾರ್ತಿಯನ್ನೊಮ್ಮೆ ನೆನೆಯಲಿ, ಅವಳಿಗೊಂದು ವೀಳ್ಯ ಕೊಡಲಿ. ಸರ್ಕಾರ ಕೊಡುವ ಮಾಸಾಶನಕ್ಕಿಂತ ಕಲಾವಿದನನ್ನು ಹೆಚ್ಚು ಕಾಲ ಬದುಕಿಸುವುದು ಜನ ಕೊಡುವ ಈ ಕರೆ.

ಒಳ್ಳೆಯ ಪದವೊಂದು ಕಿವಿಗೆ ಬಿದ್ದರೆ ಈ ಸೀಮೆಯವರು ಮೊದಲು ಕೇಳುವುದು 'ಯಾರು ಹಾಡಿರೋದು?' ಎಂದು. ಮೆಚ್ಚುಗೆ, ಕೃತಜ್ಞತೆ, ಋಣ ಎಲ್ಲವೂ ಆ ಸಣ್ಣ ಪ್ರಶ್ನೆಯಿಂದಲೇ ಆರಂಭವಾಗುತ್ತವೆ. ಆ ಪ್ರಶ್ನೆಗೆ ಉತ್ತರವಿಲ್ಲದ ಹಾಡುಗಳು ಇನ್ನು ಮುಂದೆ ದಿನದಿನಕ್ಕೂ ಹ�ೆಚ್ಚಲಿವೆ. ಹಾಗೆಂದು ನಾವು ಕೇಳುವುದನ್ನು ಬಿಡಬಾರದು. ಕೇಳುವವರು ಇರುವವರೆಗೆ ಹಾಡುವವನಿಗೂ ಜಾಗವಿರುತ್ತದೆ.